ಹಗ್ಗದ ಕೊನೆಯ ಮೊಯ್ದಿನಬ್ಬ

ಶುವೈಖ್‌ನ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮೊಯ್ದಿನಬ್ಬ ಇಪ್ಪತ್ತೆರಡು ವರ್ಷದಿಂದ ನನ್ನ ಜೊತೆಗಿದ್ದಾನೆ. ತೂಕ ನೂರ ಹದಿನೆಂಟು ಕಿಲೋ. ಕುವೈತಿನಲ್ಲಿ ಆ ತೂಕಕ್ಕೆ ಮರ್ಯಾದೆ ಸಿಗುವುದು ವರ್ಷಕ್ಕೆ ಒಂದೇ ದಿನ, ಕನ್ನಡ ಸಂಘಗಳ ಒಕ್ಕೂಟ ಹಗ್ಗಜಗ್ಗಾಟಕ್ಕೆ ಇಳಿಯುವ ದಿನ. ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವವನು ಇವನು. ಇವನ ಮುಂದೆ ಬ್ಯಾಂಕಿನ ಲಕ್ಷ್ಮೀನರಸಿಂಹ, ಮೈಸೂರಿನವರು. ಹದಿನಾಲ್ಕು ವರ್ಷ ಅವರ ಬೋಳುತಲೆಯ ಹಿಂಭಾಗವನ್ನೇ ನೋಡುತ್ತಾ ಎಳೆದಿದ್ದಾನೆ. ಆ ಜಾಗ ಹೋದರೆ ಈ ದೇಶದಲ್ಲಿ ತನಗೆಂದು ಏನೂ ಇಲ್ಲ ಎಂದು ನನ್ನೆದುರೇ ಹೇಳಿದ್ದ.

ಕಳೆದ ವರ್ಷ ಒಕ್ಕೂಟದ ಪೋಸ್ಟರಿನಲ್ಲಿ, ಅದರೊಳಗಿನ ಮೊಯ್ದಿನಬ್ಬನ ಬ್ಯಾರಿ ಸಂಘದ ಅಧ್ಯಕ್ಷ ಹಾರಿಸ್‌ನ ಫೋಟೊ ಕೊನೆಯ ಸಾಲಿನಲ್ಲಿ ಬಂತು, ಅದೂ ಅಂಚೆಚೀಟಿಯಷ್ಟು. ಹಾರಿಸ್‌ನ ತಲೆ ಕೆಟ್ಟಿತು. ಒಕ್ಕೂಟವನ್ನೇ ಬಿಡೋಣ ಎಂದ. ಸಂಘದಲ್ಲಿ ಉಳಿಯಬೇಕು ಎನ್ನುವವರೇ ಹೆಚ್ಚು, ಆದರೆ ಅವರಲ್ಲಿ ಎರಡು ಬಣ. ಹಳೆ ಬಣ ಈಗಿರುವಂತೆ ಉಳಿಯೋಣ ಎಂದಿತು. ಅಝರುದ್ದೀನನ ಹೊಸ ಬಣ ಷರತ್ತು ಹಾಕಿ ಉಳಿಯೋಣ ಎಂದಿತು. ಷರತ್ತು ಏನೆಂದು ಕೇಳಿದರೆ ನಗಬೇಡಿ, ಫೋಟೊ ಸ್ವಲ್ಪ ದೊಡ್ಡದಾಗಬೇಕು, ಅಷ್ಟೇ.

ಅಝರುದ್ದೀನ್ ಅಂಗಡಿಗೇ ಬಂದ.

"ಮೊಯ್ದಿನಬ್ಬಾಕ, ಶುಕ್ರವಾರದ ಓಟಿನ ಚೀಟಿಯಲ್ಲಿ ಮೂರು ಸಾಲು ಇದ್ದರೆ ನಮ್ಮ ಓಟು ಒಡೆದು ಹೋಗ್ತದೆ. ಒಂದು ಬಣ ಹಿಂದೆ ಸರಿಯಬೇಕು. ನೀವು ಹೇಳಿದರೆ ನಿಮ್ಮವರು ಕೇಳ್ತಾರೆ."

"ನಾನು ಸಾಯುವವರೆಗೆ ಹಳೆ ಬಣ. ನೀನೇ ಹಿಂದೆ ಸರಿ."

ಅವನು ಹೋದ ಮೇಲೆ ನಾನು ಹೇಳಿದೆ: "ಎರಡರಲ್ಲೂ ಉಳಿಯುವುದೇ ಅಲ್ವಾ ಮಾರಾಯ. ಒಪ್ಪಿಬಿಡು."

"ಊರಲ್ಲಿ ಓಟು ಹಾಕ್ಲಿಕ್ಕೆ ನನಗೆ ಒಮ್ಮೆಯೂ ರಜೆ ಸಿಗಲಿಲ್ಲ. ಇರುವುದು ಇದೊಂದು ಓಟು. ಇದನ್ನು ಆ ಹೊಸ ಬಣಕ್ಕೆ ಹಾಕುವುದಾ?"

ಶುಕ್ರವಾರ ಚೀಟಿ ಎಣಿಸಿದರು. ಬಿಡಬೇಕು, ಹದಿನೆಂಟು. ಹಾಗೇ ಉಳಿಯಬೇಕು, ಹದಿನೇಳು. ಷರತ್ತು ಹಾಕಿ ಉಳಿಯಬೇಕು, ಹದಿನೇಳು. ಮೂವತ್ತನಾಲ್ಕು ಜನ ಉಳಿಯೋಣ ಎಂದ ಸಂಘ ಒಕ್ಕೂಟದಿಂದ ಹೊರಗೆ ಬಂತು.

"ಆದರೂ ನಮ್ಮ ಬಣದ ಒಂದು ಓಟೂ ಆಚೆ ಹೋಗಲಿಲ್ಲ ನೋಡು," ಎಂದು ಮರುದಿನ ಮೊಯ್ದಿನಬ್ಬ ಎದೆಯುಬ್ಬಿಸಿದ. ನನಗೆ ಮೈಯೆಲ್ಲ ಉರಿಯಿತು. ಗಿರಾಕಿಗೆ ಬ್ರೇಕ್ ಪ್ಯಾಡ್ ತೆಗೆಯಲು ಹೋದವನು ಅರ್ಧ ದಾರಿಯಲ್ಲಿ ನಿಂತ.

"ಅಲ್ಲ, ಹಾಗಾದರೆ ಹಗ್ಗ?"

"ಈಗ ನೆನಪಾಯ್ತಾ," ಎಂದೆ.

ಚಳಿಗಾಲದಲ್ಲಿ ಸುಲೈಬಿಯಾದ ಮೈದಾನದಲ್ಲಿ ಕ್ರೀಡಾಕೂಟ. ಹಾರಿಸ್ ಹಟಕ್ಕೆ ಬಿದ್ದು ಒಕ್ಕೂಟದ ವಿರುದ್ಧವೇ ಸಂಘದ ತಂಡ ಇಳಿಸಿದ. ಎಂಟು ಜನ, ಮೂರು ಬಣ. ಹಗ್ಗದ ಆಚೆ ಕೊನೆಯಲ್ಲಿ ಈಗ ಲಕ್ಷ್ಮೀನರಸಿಂಹ ನಿಂತಿದ್ದರು. ಹಗ್ಗ ಹಿಡಿದು ನಿಂತಾಗ ಅವರ ಮುಖ ಹೇಗಿರುತ್ತದೆ ಎಂದು ಮೊಯ್ದಿನಬ್ಬ ನೋಡಿದ್ದು ಅದೇ ಮೊದಲು. ಅವರು ಕೈ ಎತ್ತಿದರು. ಇವನಿಗೂ ಎತ್ತಬೇಕೆನಿಸಿತು, ಬಣದವರು ನೋಡುತ್ತಿದ್ದರು, ಎತ್ತಲಿಲ್ಲ. ಪಾಪ ಅನಿಸಿತು ನನಗೆ.

ಸೀಟಿ ಊದಿದರು. ಹಾರಿಸ್ "ಯಲ್ಲಾ, ಎಳೀರಿ" ಎಂದ. ಅಝರುದ್ದೀನ್ "ಈಗ ಬೇಡ, ತಡೀರಿ" ಎಂದ. ಹಳೆ ಬಣದವರು ಇಬ್ಬರ ಮಾತೂ ಕೇಳಲಿಲ್ಲ. ಏಳೂ ಜನರ ಕೈಯಿಂದ ಹಗ್ಗ ಜಾರಿತು. ಮೊಯ್ದಿನಬ್ಬನದು ಸೊಂಟದಲ್ಲಿತ್ತು, ಬಿಡುವಂತಿರಲಿಲ್ಲ. ಬೋರಲು ಬಿದ್ದವನು ಹೊಟ್ಟೆಯ ಮೇಲೆಯೇ ಧೂಳೆಬ್ಬಿಸುತ್ತಾ ಗೆರೆ ದಾಟಿ ಆಚೆ ಹೋದ.

ಲಕ್ಷ್ಮೀನರಸಿಂಹ ಓಡಿ ಬಂದು ಅವನನ್ನು ಎಬ್ಬಿಸಿ ಕೂರಿಸಿದರು.

"ಅಂತೂ ನಮ್ ಕಡೆಗೇ ಬಂದ್ರಲ್ಲ ಸಾಹೇಬ್ರೇ. ನಿಮ್ಮ ಜಾಗಕ್ಕೆ ನಾನು ಸಾಲಲ್ಲ."

"ನಾನೊಬ್ಬನೇ ಒಕ್ಕೂಟಕ್ಕೆ ಬಂದರೆ ಆಗ್ತದಾ?"

"ಸಂಘವೇ ಬರಬೇಕು, ನಿಯಮ ಅದು."

ಮೊಯ್ದಿನಬ್ಬ ಬಾಯಿಯ ಮಣ್ಣು ಉಗಿದು, ಸೊಂಟದ ಹಗ್ಗ ಬಿಚ್ಚದೆಯೇ ಗೆರೆಯ ಈಚೆಗೆ ತಿರುಗಿದ.

"ಅಝರೂ, ನಿನ್ನ ಆ ಷರತ್ತಿಗೆ ಈಗ ನನ್ನ ಓಟು ಹಾಕಿದರೆ ನಡೀತದಾ?"