ಆಟಕ್ಕೆ ರಜೆ ಇಲ್ಲ

ವಿಡಿಯೊ ಗೇಮ್ ಅಂದರೆ ಹುಡುಗರ ಚಟ ಎಂದು ಮೂಗು ಮುರಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ನಲವತ್ತು ದಾಟಿದ ಹೆಂಗಸು, ಮೈಸೂರಿನವಳು, ಮಲೇಷ್ಯಾದ ಪೆಟಾಲಿಂಗ್ ಜಯಾದ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಬರೆಯುತ್ತೇನೆ, ಬುದ್ಧಿ ಬಂದಾಗಿನಿಂದ ಆಟ ಆಡುತ್ತಿದ್ದೇನೆ. ಆಡುವವಳಾದ್ದರಿಂದಲೇ ಈ ದಂಧೆಯವರ ಮೇಲೆ ನನಗೆ ಇಷ್ಟು ಸಿಟ್ಟು. ಆಡದವರಿಗೆ ಬರುವುದು ಬರೀ ತಾತ್ಸಾರ.

ಚಿಕ್ಕಂದಿನಲ್ಲಿ ಚಿಕ್ಕಪ್ಪನ ಮನೆಯ ಟಿವಿಗೆ ಸಿಕ್ಕಿಸುತ್ತಿದ್ದ ಆಟದ ಕ್ಯಾಸೆಟ್ಟು ಹಟ ಮಾಡಿದರೆ ಉಫ್ ಎಂದು ಊದಿ ಮತ್ತೆ ತುರುಕುತ್ತಿದ್ದೆವು. ಕೊಂಡ ಮೇಲೆ ಅದು ನಮ್ಮದು. ಪಕ್ಕದ ಮನೆಗೆ ಎರವಲು ಕೊಡಬಹುದಿತ್ತು, ವರ್ಷಗಟ್ಟಲೆ ಅಟ್ಟದ ಮೇಲಿಟ್ಟು ತೆಗೆದರೂ ನಡೆಯುತ್ತಿತ್ತು. ಈಗ ಡಬ್ಬಿ ತೆರೆದರೆ ಒಳಗೆ ಡಿಸ್ಕೇ ಇರುವುದಿಲ್ಲ, ಒಂದು ಚೀಟಿ ಇರುತ್ತದೆ. ಅದರಲ್ಲಿರುವ ಸಂಖ್ಯೆ ಒತ್ತಿ ಆಟ ಇಳಿಸಿಕೊಂಡರೆ ಅದು ಅರ್ಧಂಬರ್ಧ ಬೆಂದಿರುತ್ತದೆ, ಉಳಿದದ್ದನ್ನು ಆಮೇಲೆ ಬೇಯಿಸಿ ಕಳಿಸುತ್ತಾರಂತೆ. ನಮ್ಮ ಬೀದಿಯಲ್ಲಿ ಪರೋಟ ಮಾಡುವ ಮಾಮಕ್ ಅಂಗಡಿಯವನು ಹಸಿ ಹಿಟ್ಟನ್ನು ತಟ್ಟೆಗೆ ಹಾಕಿ, ಬರುವ ತಿಂಗಳು ಬನ್ನಿ, ಬೇಯಿಸಿಕೊಡುತ್ತೇನೆ ಎಂದರೆ ನಾವು ಸುಮ್ಮನಿರುತ್ತೇವೆಯೇ? ಕೊನೆಗೊಂದು ದಿನ ಸರ್ವರ್ ಮುಚ್ಚಿದ್ದೇವೆ ಎಂದು ಎರಡು ಸಾಲು ಗೀಚಿ, ನಾವು ಕೊಂಡ ಆಟವನ್ನೇ ಮಾಯ ಮಾಡುತ್ತಾರೆ. ಇದು ಮಾರಾಟವಾದರೆ ಬಾಡಿಗೆ ಅನ್ನುವುದು ಯಾವುದಕ್ಕೆ?

ಇದನ್ನೆಲ್ಲ ಬೈದುಕೊಂಡೇ ನುಂಗಿದ್ದೆ. ನುಂಗಲಾಗದ್ದು ನಡೆದದ್ದು ಹೋದ ಸಲದ ಆಯುಧಪೂಜೆಯ ದಿನ.

ನನ್ನ ಹತ್ತು ವರ್ಷದ ಮಗಳು ಆಗ ಮನೆಯ ಗೇಮ್ ಕನ್ಸೋಲಿನಲ್ಲಿ ಕುದುರೆ ಸಾಕುವ ಆಟವೊಂದನ್ನು ಆಡುತ್ತಿದ್ದಳು. ಹಣೆಯ ಮೇಲೆ ಬಿಳಿ ಮಚ್ಚೆಯಿರುವ ಕಂದು ಮರಿಯೊಂದನ್ನು ಅದರಲ್ಲಿ ಕೊಟ್ಟಿದ್ದರು. ದಿನಾ ಮೇವು ಹಾಕಿದರೆ ಅದು ದೊಡ್ಡದಾಗಿ ಅವಳದೇ ಆಗುತ್ತದೆ. ಒಂದು ದಿನ ತಪ್ಪಿದರೂ ಲಾಯ ಬಿಟ್ಟು ಹೊರಟುಹೋಗುತ್ತದೆ. ಜ್ವರ ಬಂದ ದಿನವೂ ಅವಳು ಎದ್ದು ಕೂತು ಮೇವು ಹಾಕಿದ್ದಳು. ಆಗಲೇ ನನಗೆ ಮೈ ಉರಿದಿತ್ತು. ನಾವು ಆಟಕ್ಕೆ ಕೂರುತ್ತಿದ್ದುದು ಮನಸ್ಸಾದಾಗ, ಇವರು ಮಕ್ಕಳಿಗೆ ಹಾಜರಿ ಹಾಕಿಸುತ್ತಾರೆ.

ನನ್ನ ತವರಿನ ಪದ್ಧತಿಯಂತೆ, ಆಯುಧಪೂಜೆಗೆ ಇಟ್ಟ ವಸ್ತುವನ್ನು ಮರುದಿನ ವಿಜಯದಶಮಿಯ ಪೂಜೆಯಾಗುವವರೆಗೆ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅದರ ವಿಶ್ರಾಂತಿ. ಇಲ್ಲಿ ಅದಕ್ಕೆ ರಜೆಯಿಲ್ಲದ್ದರಿಂದ ನಾನೂ ಗಂಡನೂ ರಜೆ ಕೇಳಿದೆವು. ಕಾರಣ ಕೇಳಿದ ನನ್ನ ಚೀನೀ ಮ್ಯಾನೇಜರ್ ನಕ್ಕು, ಲ್ಯಾಪ್‌ಟಾಪಿಗೂ ಸುಸ್ತಾಗುತ್ತದೆ ಲಾ ಎಂದು ಈ ಊರಿನವರ ಬಾಲಂಗೋಚಿ ಸೇರಿಸಿ ಒಪ್ಪಿಕೊಂಡಿದ್ದ. ಮಣೆಯ ಮೇಲೆ ನಮ್ಮ ಲ್ಯಾಪ್‌ಟಾಪ್‌ಗಳು, ಈಳಿಗೆಮಣೆ, ಕಾರಿನ ಕೀ ಕೂತವು. ಮಗಳು ತಾನಾಗಿಯೇ ಗೇಮ್ ಕನ್ಸೋಲನ್ನು ಒರೆಸಿ ತಂದು ಪಕ್ಕದಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ನಮ್ಮವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ನಿಂದ ತಂದ ಚೆಂಡುಹೂವನ್ನು ಏರಿಸಿದಳು. ಆ ಸಂಭ್ರಮದಲ್ಲಿ ಮೇವಿನದು ಮರೆತೇ ಹೋಯಿತು.

ನೆನಪಾದದ್ದು ಮಂಗಳಾರತಿ ಆದ ಮೇಲೆ. ಆ ಕಂಪನಿಯ ದಿನ ಮುಗಿಯುವುದು ಅವರ ದೇಶದ ಗಡಿಯಾರಕ್ಕೆ, ನಮ್ಮಲ್ಲಿ ಅದು ಮಧ್ಯಾಹ್ನ ಊಟದ ಹೊತ್ತು. ಎಲೆ ಹಾಕುತ್ತಿದ್ದ ನನ್ನ ಬಳಿ ಬಂದು ನಿಂತವಳ ಮುಖ ಬಿಳಿಚಿಕೊಂಡಿತ್ತು. ವಿಷಯ ತಿಳಿದ ನನ್ನವರು, ತಗೊಂಡು ಹಾಕಲಿ ಬಿಡು, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದರು. ನಾನೂ ಹೂಂ ಎಂದೆ. ಅವಳು ಮಣೆಯ ತನಕ ಹೋದಳು, ಕೈ ಚಾಚಿದಳು, ವಾಪಸು ಬಂದಳು.

"ಅಪ್ಪಾಸ್ ಲ್ಯಾಪ್‌ಟಾಪ್ ಆಲ್ಸೋ ರೆಸ್ಟಿಂಗ್, ವಾಟ್," ಎಂದಳು ಇಲ್ಲಿಯ ಮಕ್ಕಳ ಇಂಗ್ಲಿಷಿನಲ್ಲಿ. ಆಮೇಲೆ ನನ್ನ ಸೀರೆಯಲ್ಲಿ ಮುಖ ಹುದುಗಿಸಿ ಅತ್ತಳು.

ಊಟಕ್ಕೆ ಬಂದಿದ್ದವರು ನನ್ನವರ ಸ್ನೇಹಿತರೊಬ್ಬರು, ಉಡುಪಿ ಕಡೆಯವರು. ಕೌಲಾಲಂಪುರದಲ್ಲಿ ಮೊಬೈಲ್ ಆಟ ಮಾಡುವ ಕಂಪನಿಯೊಂದರಲ್ಲಿ ಅವರಿಗೆ ಕೆಲಸ. ಕೆಟ್ಟ ಮನುಷ್ಯರಲ್ಲ, ಮಗಳಿಗೆಂದು ಚಾಕಲೇಟು ತಂದಿದ್ದರು. ಒಂದು ದಿನ ಬಿಡುವು ಕೊಟ್ಟರೆ ಇವರ ಗಂಟೇನು ಹೋಗುತ್ತದೆ ಎಂದು ಅವರನ್ನೇ ಕೇಳಿದೆ. ಅವರು ಸಮಾಧಾನದಿಂದ ಸಾರು ಕಲಸಿಕೊಳ್ಳುತ್ತ ಹೇಳಿದರು.

"ಬಿಡುವು ಕೊಟ್ಟರೆ ಮಕ್ಕಳು ಮರೀತಾರೆ ಅಲ್ವಾ ಮಾರಾಯ್ರೆ. ಕಳಕೊಳ್ಳುವ ಹೆದರಿಕೆ ಇದ್ರೆ ದಿನಾ ಬರ್ತಾರೆ. ನಾವು ಅದಕ್ಕೆ ರಿಟೆನ್ಶನ್ ಅಂತೇವೆ."

"ನಮ್ಮ ಕಡೆ ಅದನ್ನ ಮಕ್ಕಳನ್ನ ಹೆದರ್ಸೋದು ಅಂತೀವಿ," ಎಂದೆ. ನನ್ನವರು ಪಾಯಸದ ಮಾತೆತ್ತಿದರು. ಆಟ ಚೆನ್ನಾಗಿದ್ದರೆ ಮಕ್ಕಳು ಮರೆಯುವುದಿಲ್ಲ. ನಾನು ಆ ಕ್ಯಾಸೆಟ್ಟನ್ನು ಇವತ್ತಿಗೂ ಮರೆತಿಲ್ಲ, ನನ್ನನ್ನು ಯಾರೂ ಹೆದರಿಸಿರಲಿಲ್ಲ. ಇದನ್ನು ಅವರಿಗೆ ಹೇಳಬೇಕಿತ್ತು. ಅತಿಥಿಗಳೆಂದು ಪಾಯಸ ಬಡಿಸಿದೆ.

ಸಂಜೆಯ ಹೊತ್ತಿಗೆ ಮಗಳು ತಾನೇ ಸಮಾಧಾನ ಮಾಡಿಕೊಂಡಿದ್ದಳು. ಮರಿ ಕಾಡಿಗೆ ಹೋಗಿರುತ್ತದೆ, ಅಲ್ಲಿ ಅದರ ಅಮ್ಮ ಇರುತ್ತಾಳೆ ಎಂದು ಇಂಗ್ಲಿಷಿನಲ್ಲಿ ನನಗೇ ವಿವರಿಸಿದಳು. ಹೌದು ಕಣೆ ಎಂದೆ. ಅವಳು ಅದನ್ನು ಬೀಳ್ಕೊಟ್ಟಾಗಿತ್ತು.

ಮರುದಿನ ಪೂಜೆ ಮುಗಿಸಿ ಕನ್ಸೋಲು ಎತ್ತಿಕೊಂಡೆವು. ಲಾಯ ಖಾಲಿ. ಬಾಗಿಲಲ್ಲಿ ಹಗ್ಗವೊಂದು ನೇತಾಡುತ್ತಿತ್ತು, ಅಳುಮೋರೆಯ ಸಂಗೀತ ಬೇರೆ. ಅದರ ಕೆಳಗೆ ಮಿನುಗುವ ಗುಂಡಿ: ನಿಮ್ಮ ಮರಿಯನ್ನು ವಾಪಸು ಕರೆತನ್ನಿ. ಒತ್ತಿದರೆ ಕಾರ್ಡಿನ ನಂಬರು ಕೇಳುತ್ತದೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರ ಗಾದೆ ಕೇಳಿದ್ದೆ. ತೂಗುವುದಕ್ಕೆ ಕಾಸು ಕೇಳುವವರನ್ನು ಕಂಡದ್ದು ಅವತ್ತೇ.

ಅವಳು ಗುಂಡಿಯ ಮೇಲಿನದನ್ನು ಎರಡು ಸಲ ಓದಿದಳು. ಹಾಗಾದರೆ ಅದು ಕಾಡಿಗೆ ಹೋಗಿಲ್ಲವೇ, ಇವರೇ ಇಟ್ಟುಕೊಂಡಿದ್ದಾರೆಯೇ ಎಂದು ಕೇಳಿದಳು. ನನಗೆ ಸುಳ್ಳು ಹೇಳಲಾಗಲಿಲ್ಲ, ಹೌದು ಎಂದೆ. ಬೇಕಿದ್ದರೆ ಬಿಡಿಸಿಕೊಂಡು ಬರೋಣ ಎಂದೂ ಅಂದೆ. ಎಷ್ಟು ಸಿಟ್ಟಿದ್ದರೇನು, ಎದುರಿಗಿದ್ದದ್ದು ನನ್ನ ಮಗಳ ಮುಖ.

"ಬೇಡ ಅಮ್ಮ," ಎಂದಳು. "ನೆಕ್ಸ್ಟ್ ಟೈಮ್ ಆಲ್ಸೋ ಬಚ್ಚಿಡ್ತಾರೆ ಲಾ."

ಅವಳು ಟಿವಿ ಆರಿಸಿ ಸ್ಕೂಲಿನ ಚೀಲ ತೆಗೆದುಕೊಂಡಳು. ಮಗಳು ಜಾಣೆ ಎಂದು ನಾನು ಖುಷಿಪಡಬೇಕಿತ್ತು. ಹಿಂದಿನ ಸಂಜೆಯಷ್ಟೇ ಮರಿಗೆ ಕಾಡಿನಲ್ಲಿ ಅಮ್ಮನನ್ನು ಹುಡುಕಿಕೊಟ್ಟ ಮಗು ಅದು. ಅದನ್ನು ಒಂದೇ ಬೆಳಗ್ಗೆ ಇಷ್ಟು ಜಾಣೆ ಮಾಡಿದವರನ್ನು ನಾನು ಇನ್ನೂ ಕ್ಷಮಿಸಿಲ್ಲ.