ಉಗ್ರಾಣದ ಬಾಗಿಲು ತೆಗೆದವರು ಯಾರು?

ಟಾಕೀಸ್ ಆಪರೇಟರನ ಭಾಮೈದನ ಕಟಿಂಗ್ ಶಾಪಿನಲ್ಲಿ ಈ ವಾದ ಶುರುವಾಗಿ ಮೂವತ್ತು ವರ್ಷವಾಯಿತು, ಇನ್ನೂ ತೀರ್ಮಾನವಾಗಿಲ್ಲ. ಒಂದು ಹಳೆಯ ಸಿನಿಮಾ. ಹೀರೋನನ್ನು ಉಗ್ರಾಣಕ್ಕೆ ತಳ್ಳಿ ಹೊರಗಿನಿಂದ ಬೀಗ ಜಡಿಯುತ್ತಾರೆ. ಮರುಕ್ಷಣವೇ ಅವನು ರೈಲ್ವೆ ಸ್ಟೇಷನ್ನಿನಲ್ಲಿ ಖಳನ ಕೊರಳಪಟ್ಟಿ ಹಿಡಿದು ನಿಂತಿರುತ್ತಾನೆ. ಬಾಗಿಲು ತೆಗೆದವರು ಯಾರು? ಮತ್ತೊಮ್ಮೆ ನೋಡಿ ತೀರ್ಮಾನಿಸೋಣವೆಂದರೆ ಅದರ ಪ್ರಿಂಟು ಎಲ್ಲೂ ಉಳಿದಿಲ್ಲ.

“ಡೈರೆಕ್ಟ್ರು ಮರ್ತಿದ್ದಾನೆ ಕಣಯ್ಯ. ಲಾಜಿಕ್ಕೇ ಇಲ್ಲ,” ಎಂದರು ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು.

“ಮರ್ತಿಲ್ಲ ಸಾರ್. ಮೇಲ್ಗಡೆ ಒಂದು ಹೆಂಚು ಸರಿದಿತ್ತು. ನಾನು ಏಳು ಸಲ ನೋಡಿದೀನಿ,” ಎಂದ ಭಾಮೈದ.

“ಹೆಂಚು ಸರಿಸಿ ಬಂದವನ ಅಂಗಿ ಅಷ್ಟು ಬೆಳ್ಳಗಿರುತ್ತೇನಯ್ಯ?”

ಬೆಂಚಿನ ಮೇಲೆ ಪೇಪರ್ ಹಿಡಿದಿದ್ದ ಆಪರೇಟರನಿಗೆ ಮೈಯೆಲ್ಲ ಉರಿಯಿತು. ಹದಿನೇಳಕ್ಕೇ ಟಾಕೀಸಿನ ಯಂತ್ರದ ಕೋಣೆ ಹೊಕ್ಕು, ಟಾಕೀಸು ಮುಚ್ಚುವವರೆಗೆ ಅಲ್ಲೇ ಬೆವರಿಳಿಸಿದ ಜೀವ ಅದು. ಅಲ್ಲಿನ ಮಾಲೀಕನಿಗೆ ನಾಲ್ಕು ಆಟದ ಹೊತ್ತಿನಲ್ಲಿ ಐದು ಆಟ ತೂರಿಸುವ ಚಪಲ. ಹಾಗಾಗಿ ಯಾವ ಸಿನಿಮಾ ಬಂದರೂ ಹಾಡಿಲ್ಲದ, ಹೊಡೆದಾಟವಿಲ್ಲದ ಕಡೆ ಕತ್ತರಿ ಬೀಳುತ್ತಿತ್ತು. ಸಿನಿಮಾ ಊರು ಬಿಡುವಾಗ ಆ ತುಂಡುಗಳನ್ನು ಮತ್ತೆ ಅಂಟಿಸಿ ಡಬ್ಬಕ್ಕೆ ತುಂಬಿ ಕಳಿಸುವುದು, ಕಂಪನಿಯವರಿಗೆ ಸುಳಿವು ಸಿಗದ ಹಾಗೆ. ಈ ಸಿನಿಮಾಕ್ಕೂ ಮೊದಲ ಆಟಕ್ಕೆ ಮುಂಚೆಯೇ ಕತ್ತರಿ ಬಿತ್ತು. ಕಾವಲುಗಾರನ ಮಗಳು, ನಿದ್ದೆ ಹೋದ ಅಪ್ಪನ ಸೊಂಟದಿಂದ ಬೀಗದಕೈ ಕದ್ದು ಬಾಗಿಲು ತೆಗೆಯುವ ನಾಲ್ಕು ನಿಮಿಷ.

ಆ ಹುಡುಗಿ ಯಾರೋ ಏನೋ, ಅವನಿಗೇನು ಗೊತ್ತು? ಎರಡು ವರ್ಷದ ಮೇಲೆ ಮದುವೆಯ ಮಾತಿಗೆಂದು ಅದೇ ಊರಿನ ಒಂದು ಮನೆಗೆ ಹೋದಾಗ ಅದೇ ಮುಖ ನೀರಿನ ಲೋಟ ಹಿಡಿದು ಎದುರು ನಿಂತಿತ್ತು.

ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದ ಅವಳಿಗೆ ಆ ಸಿನಿಮಾದಲ್ಲಿ ಅದೊಂದೇ ದೃಶ್ಯ ಸಿಕ್ಕಿತ್ತು. ಅವಳು ಬೀದಿಯವರನ್ನೆಲ್ಲ ಕರೆದುಕೊಂಡು ಮೊದಲ ಆಟಕ್ಕೆ ಹೋಗಿದ್ದಳಂತೆ. ಪರದೆಯ ಮೇಲೆ ಅವಳೇ ಇಲ್ಲ! ಬಾಗಿಲು ತೆಗೆದದ್ದು ನಾನೇ ಎಂದರೆ ನಂಬುವವರಿಲ್ಲ; ಅಂದಿನಿಂದ ಬೀದಿಗೆಲ್ಲ ಅವಳು ‘ಕಾಣದ ಸ್ಟಾರು’. ತನ್ನ ನಟನೆ ಕೆಟ್ಟದಾಗಿತ್ತು, ಡೈರೆಕ್ಟರು ಕಿತ್ತುಹಾಕಿದರು ಎಂದು ತಾನೇ ನಿರ್ಧರಿಸಿ, ಮತ್ತೆ ಯಾವ ನಾಟಕಕ್ಕೂ ಬಣ್ಣ ಹಚ್ಚಲಿಲ್ಲ. ಅವಳನ್ನೇ ಮದುವೆಯಾದ ಅವನು ಮೊದಲ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಹೇಡಿ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದೆಂಬ ಹೆದರಿಕೆಯಲ್ಲೇ ವರ್ಷಗಳು ಉರುಳಿದವು.

ಅಷ್ಟರಲ್ಲಿ ಅವಳೇ ತಮ್ಮನಿಗೆ ಊಟದ ಕ್ಯಾರಿಯರ್ ಹಿಡಿದು ಬಾಗಿಲಿಗೆ ಬಂದಳು.

“ಅಕ್ಕಾ, ನೀನೇ ಹೇಳು. ಅಯ್ಯೋ, ನಿನ್ನ ಕೇಳಿ ಏನು ಬಂತು? ಆ ಸಿನಿಮಾದಲ್ಲಿ ನೀನು ಇಲ್ವೇ ಇಲ್ವಲ್ಲ!” ಎಂದು ಭಾಮೈದ ಕಿಸಕ್ಕನೆ ನಕ್ಕ. ಮೇಷ್ಟ್ರೂ ನಕ್ಕರು.

“ಹೌದಪ್ಪ, ಕನಸು ಕಂಡಿದ್ದೆ,” ಎಂದು ಅವಳೂ ನಕ್ಕಳು. ಆ ನಗು ಅವನಿಗೆ ತಡೆಯಲಾಗಲಿಲ್ಲ.

“ಬಾಯ್ಮುಚ್ಚೋ!” ಪೇಪರ್ ನೆಲಕ್ಕೆ ಬಿತ್ತು. “ಬಾಗಿಲು ತೆಗೆದಿದ್ದು ನಿಮ್ಮಕ್ಕ. ಡೈರೆಕ್ಟ್ರೂ ಮರ್ತಿಲ್ಲ, ಹೆಂಚೂ ಸರಿದಿಲ್ಲ. ಆ ಸೀನು ಕತ್ತರಿಸಿದ್ದು ನಾನು!”

ಮೊದಲು ಚೇತರಿಸಿಕೊಂಡವರು ಮೇಷ್ಟ್ರು. “ಹೆಂಡ್ತಿ ಮಾನ ಉಳಿಸೋಕೆ ಒಳ್ಳೇ ಕಥೆ ಕಟ್ಟಿದೆ ಬಿಡಯ್ಯ. ಆದ್ರೂ ಲಾಜಿಕ್ ಕೂಡಲ್ಲ. ಕಾವಲುಗಾರನಿಗೆ ಮಗಳಿದ್ದಾಳೆ ಅಂತ ಮೊದ್ಲೇ ತೋರಿಸ್ಬೇಕಿತ್ತು.”

ಇವರಿಗೆ ಸತ್ಯ ಬೇಡ, ವಾದ ಬೇಕು. ಅವನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅವಳು ಕ್ಯಾರಿಯರ್ ಇಟ್ಟು ಬೆಂಚಿನ ತುದಿಯಲ್ಲಿ ಕೂತಳು. ಬೈಯಲಿಲ್ಲ, ಅಳಲಿಲ್ಲ.

“ಬೇರೆ ಊರುಗಳಲ್ಲಿ?”

“ಅಂಟಿಸಿ ಕಳಿಸಿದ್ದೆ. ಅಲ್ಲಿ ಎಲ್ಲರೂ ನೋಡಿದಾರೆ.”

“ಅಂದ್ರೆ ಈ ಊರಲ್ಲಿ ನೋಡಿರೋದು ನೀವೊಬ್ರೇ.”

“ಹೂಂ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಡೆ ತಿರುಗಿದಳು. ಅಷ್ಟು ಆಸೆಯಿಂದ ಅವಳು ಅವನನ್ನು ಯಾವತ್ತೂ ನೋಡಿರಲಿಲ್ಲ.

“ಹೇಗ್ರೀ ಮಾಡಿದ್ದೆ? ಚೆನ್ನಾಗಿತ್ತಾ?”

ಅವನು ಆ ತುಂಡನ್ನು ಬಲ್ಬಿನ ಬೆಳಕಿಗೆ ಹಿಡಿದು, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದಷ್ಟೇ ನೋಡಿದ್ದ. ಉಗುರಿನಷ್ಟಗಲದ ಮುಖಗಳು ಸಾಲಾಗಿ ನಿಂತಿದ್ದವು. ಮಾತು ಕೇಳಿರಲಿಲ್ಲ.

“ಮಿಷನ್ನಲ್ಲಿ ಓಡಿಸಿ ನೋಡಲಿಲ್ಲ ಕಣೇ,” ಎಂದ.