ಬ್ರೇಕಿನ ಗಾಳಿಗೆ ಹಲಸಿನ ಮೇಣ

ಪುತ್ತೂರಿನಲ್ಲಿ ಗಾಳಿಯ ಬ್ರೇಕು ಬಲ್ಲ ಮೆಕ್ಯಾನಿಕ್ಕು ನಾನೊಬ್ಬನೇ ಎಂದು ಆ ಕಾಲದಲ್ಲಿ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆಯವರು ಹೇಳಲಿ ಎಂದು ಕಾಯುವ ತಾಳ್ಮೆ ನನಗಿರಲಿಲ್ಲ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಕಡೆಯ ಬಸ್ಸುಗಳಿಗೆಲ್ಲ ಎಣ್ಣೆಯ ಬ್ರೇಕು. ಗಾಳಿಯದು ಇದ್ದದ್ದು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಕೆಲವು ದೊಡ್ಡ ಲಾರಿಗಳಿಗೆ ಮಾತ್ರ. ಅಂಥದ್ದೊಂದನ್ನು ಮರದ ಕಂಟ್ರಾಕ್ಟರರೊಬ್ಬರು ತಂದು, ಕಡಬ ಮತ್ತು ಸುಳ್ಯದ ಕಾಡುಗಳಿಂದ ದಿಮ್ಮಿ ಸಾಗಿಸಲು ಇಟ್ಟುಕೊಂಡಿದ್ದರು. ಅದರ ಡ್ರೈವರು ನನ್ನ ತಂಗಿಯ ಗಂಡ. ಆ ಕೆಲಸ ಅವರಿಗೆ ಕೊಡಿಸಿದ್ದೂ ನಾನೇ.

ನಮ್ಮಲ್ಲಿ ತಂಗಿಯ ಗಂಡನೂ ಹೆಂಡತಿಯ ಅಣ್ಣನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ನಾವಿಬ್ಬರೂ ಹಾಗೆಯೇ. ನನ್ನ ಬಾಯಿ ಜೋರು, ಅವರದು ಹತ್ತು ಕೇಳಿದರೆ ಒಂದು ಬರುವ ಬಾಯಿ. ಲಾರಿಯನ್ನು ಮಾತ್ರ ಬಹಳ ಜತನದಿಂದ ಓಡಿಸುತ್ತಿದ್ದರು. ಇಳಿಜಾರು ಕಂಡಲ್ಲಿ ಗೇರು ಇಳಿಸದೆ ಮುಂದೆ ಹೋದವರಲ್ಲ.

ಆ ಬ್ರೇಕಿನ ಲೆಕ್ಕ ಸುಲಭ. ಎಂಜಿನ್ ಓಡುವಾಗ ಒಂದು ಟ್ಯಾಂಕಿಗೆ ಗಾಳಿ ತುಂಬುತ್ತದೆ. ಎಷ್ಟು ತುಂಬಿತು ಎಂದು ಡ್ರೈವರನ ಮುಂದೆ ಒಂದು ಮುಳ್ಳು ತೋರಿಸುತ್ತದೆ. ಪೆಡಲು ತುಳಿದಾಗ ಆ ಗಾಳಿ ಹೋಗಿ ಚಕ್ರವನ್ನು ಹಿಡಿಯುತ್ತದೆ. ಟ್ಯಾಂಕಿ ಖಾಲಿಯಾದರೆ ಪೆಡಲು ತುಳಿದರೂ ಒಂದೇ, ನೆಲ ತುಳಿದರೂ ಒಂದೇ. ಕೈಬ್ರೇಕು ಇರುತ್ತದೆ, ಆದರೆ ದಿಮ್ಮಿ ತುಂಬಿದ ಲಾರಿಯನ್ನು ಇಳಿಜಾರಿನಲ್ಲಿ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಮಳೆ ಹಿಡಿಯುವುದಕ್ಕೆ ಕೆಲವೇ ದಿನಗಳಿದ್ದವು. ಒಮ್ಮೆ ಮಳೆ ಹಿಡಿದರೆ ಕಾಡಿನ ದಾರಿ ಮುಚ್ಚಿದಂತೆಯೇ, ಕಡಿದ ಮರವೆಲ್ಲ ಅಲ್ಲೇ ಕೊಳೆಯಬೇಕು. ಒಂದು ಸಂಜೆ ಭಾವ ಲೋಡು ತುಂಬಿದ ಲಾರಿಯನ್ನು ಬೆಳ್ಳಾರೆಯ ಹತ್ತಿರವಿದ್ದ ತಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ್ದರು. ಬೆಳಿಗ್ಗೆ ನೋಡಿದರೆ ಮುಳ್ಳು ತಳ ಮುಟ್ಟಿತ್ತು. ಎಂಜಿನ್ ಓಡಿಸಿದರೆ ಏರುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಪುತ್ತೂರಿಗೆ ಹೊರಟ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿಕಳಿಸಿದರು. ಅದೇ ಬಸ್ಸು ಹಿಂದಿರುಗುವಾಗ ನಾನು ಪೆಟ್ಟಿಗೆ ಹಿಡಿದು ಹತ್ತಿದೆ.

ಗಾಳಿ ಎಲ್ಲಿ ಸೋರುತ್ತದೆ ಎಂದು ಮೊದಲು ಕಿವಿಯಿಂದ ಹುಡುಕಬೇಕು. ಟ್ಯಾಂಕಿ ತುಂಬಿಸಿ, ಎಂಜಿನ್ ನಿಲ್ಲಿಸಿ, ಲಾರಿಯ ಅಡಿಗೆ ನುಗ್ಗಿ ಅಂಗಾತ ಮಲಗಿದೆ. ತಂಗಿ ಪಾತ್ರೆ ತೊಳೆಯುತ್ತಿದ್ದಳು, ಅವಳಿಗೆ ಗದರಿದೆ. ಭಾವ ಕೆಮ್ಮಿದರು, ಅವರಿಗೂ ಗದರಿದೆ. ಆಮೇಲೆ ಉಳಿದದ್ದು ಜೀರುಂಡೆ. ಅದಕ್ಕೆ ಗದರಿ ಏನು ಪ್ರಯೋಜನ? ಸಾಬೂನಿನ ನೀರು ಹಚ್ಚಿ ನೋಡೋಣವೆಂದರೆ ಆ ಬಿಸಿಲಿಗೆ ನೊರೆ ಹಚ್ಚುವಷ್ಟರಲ್ಲಿ ಒಣಗುತ್ತಿತ್ತು. ತಂಗಿ ನನ್ನ ಪರದಾಟ ನೋಡಿ, ಅಂಟುವಾಳದ ಕಾಯಿಗಳನ್ನು ನೀರಿನಲ್ಲಿ ಕಿವುಚಿ ಒಂದು ಬೋಗುಣಿ ನೊರೆ ಮಾಡಿ ತಂದಿಟ್ಟಳು. "ಇದು ಬೇಗ ಹೋಗುದಿಲ್ಲ ಅಣ್ಣ, ನೋಡು" ಎಂದಳು.

ಹೌದು, ಹೋಗಲಿಲ್ಲ. ತೆಂಗಿನ ನಾರಿನಿಂದ ಆ ನೊರೆಯನ್ನು ಟ್ಯಾಂಕಿಯ ಬಾಯಿಂದ ಶುರುಮಾಡಿ ಒಂದೊಂದೇ ಜಾಯಿಂಟಿಗೆ ಹಚ್ಚುತ್ತ ಹೋದೆ. ತಲೆಯ ಮೇಲೆ ಅಷ್ಟು ಮರದ ಭಾರ, ಕಣ್ಣಿಗೆ ಬೀಳುವ ಧೂಳು. ಒಂದೂವರೆ ಗಂಟೆ ಕಳೆಯಿತು. ಕೊನೆಗೆ ಟ್ಯಾಂಕಿಯಿಂದ ಪೆಡಲಿನ ಕಡೆಗೆ ಹೋಗುವ ತಾಮ್ರದ ಕೊಳವೆಯ ಒಂದು ಜಾಯಿಂಟಿನಲ್ಲಿ ಅಕ್ಕಿಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಒಡೆಯಿತು. ಮತ್ತೊಂದು ಎದ್ದಿತು. ನಾನು ಲಾರಿಯ ಅಡಿಯಿಂದಲೇ ಕೂಗಿದೆ. ನನಗೆ ಆ ದಿನ ಆದಷ್ಟು ಖುಷಿ ಮದುವೆಯ ದಿನವೂ ಆಗಿರಲಿಲ್ಲ.

ಬಿಚ್ಚಿ ನೋಡಿದರೆ ಒಳಗಿನ ವಾಷರು ಸೀಳಿತ್ತು. ಅಂಥದ್ದು ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ. ಎಷ್ಟು ಬಿಗಿದರೂ ಗುಳ್ಳೆ ನಿಲ್ಲಲಿಲ್ಲ, ಬಿಚ್ಚಿ ಬಿಗಿದದ್ದಕ್ಕೆ ಸೀಳು ಇನ್ನೂ ದೊಡ್ಡದಾಯಿತು.

ಭಾವ ಹೇಳಿದರು, "ಒಂದು ದಿನ ನಿಲ್ಲಿಸುವ ಭಾವ. ನೀವು ಮಂಗಳೂರಿಗೆ ಹೋಗಿ ವಾಷರ್ ತನ್ನಿ. ಎಂತ ಅವಸರ?"

ನಾನು ಆಕಾಶ ತೋರಿಸಿದೆ. ಮೋಡ ಕಟ್ಟುತ್ತಿತ್ತು, ಸುಳ್ಳಲ್ಲ. ಆದರೆ ನನ್ನನ್ನು ತಿವಿಯುತ್ತಿದ್ದದ್ದು ಮೋಡವಲ್ಲ. ಪುತ್ತೂರಿನಿಂದ ಬಂದ ದೊಡ್ಡ ಮೆಕ್ಯಾನಿಕ್ಕು ತೂತು ಹುಡುಕಿ ಮುಚ್ಚಲಾಗದೆ ಹೋದ ಎಂದು ಬೆಳ್ಳಾರೆಯ ಪೇಟೆಯಲ್ಲಿ ಮಾತಾಗುವುದು ನನಗೆ ಬೇಡವಾಗಿತ್ತು.

ಹಲಸಿನ ಮೇಣವನ್ನು ಒಂದು ಕೋಲಿಗೆ ಸುತ್ತಿ ಸುತ್ತಿ ಉಂಡೆ ಮಾಡಿ ಅಡಿಗೆಮನೆಯ ಮಾಡಿಗೆ ಸಿಕ್ಕಿಸಿಡುವುದು ನಮ್ಮ ಕಡೆಯ ಪದ್ಧತಿ. ಕೊಡ ಸೋರಿದರೆ, ಬಾಲ್ದಿ ಸೋರಿದರೆ ಅದನ್ನು ಕೆಂಡಕ್ಕೆ ಹಿಡಿದು ಮೆತ್ತಗೆ ಮಾಡಿ ತೂತಿಗೆ ಒತ್ತುತ್ತಾರೆ. ತಣಿದ ಮೇಲೆ ಕಲ್ಲಿನಂತೆ ಕೂರುತ್ತದೆ, ಒಂದು ಹನಿ ಸೋರುವುದಿಲ್ಲ. ಆದರೆ ಮೇಣ ಹಚ್ಚಿದ ಕೊಡ ತಣ್ಣೀರಿಗೆ ಮಾತ್ರ, ಒಲೆಯ ಹತ್ತಿರಕ್ಕೂ ಅಲ್ಲ. ಇದು ಹೆಣ್ಣುಮಕ್ಕಳಿಗೆ ಹೇಳಿಕೊಡುವ ವಿದ್ಯೆ. ಗಂಡಸರಿಗೆ ತೂತು ಮುಚ್ಚಿದ್ದು ಕಾಣುತ್ತದೆ, ಆಮೇಲೆ ಆ ಕೊಡವನ್ನು ಎಲ್ಲಿಡುತ್ತಾರೆ ಎಂಬುದು ಕಾಣುವುದಿಲ್ಲ. ತಂಗಿ ನೀರಿಗೆ ಹೋಗಿದ್ದಳು. ಇದ್ದಿದ್ದರೆ ಕೇಳುತ್ತಿದ್ದೆನೋ ಏನೋ. ಭಾವ ಪೇಟೆಗೆ ಹೋಗಿದ್ದರು. ನಾನೇ ಒಳಗೆ ಹೋಗಿ, ಅವಳ ಒಲೆಯ ಕೆಂಡದಲ್ಲಿ ಮೇಣ ಕಾಯಿಸಿ ತಂದು ಜಾಯಿಂಟಿನ ಸುತ್ತ ದಪ್ಪಕ್ಕೆ ಒತ್ತಿ, ಮೇಲೆ ಬಟ್ಟೆ ಸುತ್ತಿ ಕಟ್ಟಿದೆ. ಆ ಕೊಳವೆ ಸೈಲೆನ್ಸರಿನಿಂದ ಒಂದು ಗೇಣು ದೂರದಲ್ಲಿ ಹಾದುಹೋಗುತ್ತಿತ್ತು. ಅದು ನನಗೆ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ.

ಭಾವ ಬಂದಾಗ ಹತ್ತು ನಿಮಿಷ ಎಂಜಿನ್ ಓಡಿಸಿ ತೋರಿಸಿದೆ. ನಿಲ್ಲಿಸಿದ ಮೇಲೆ ಮುಳ್ಳು ಕದಲಲಿಲ್ಲ.

"ಎಂತ ಹಾಕಿದ್ರಿ ಭಾವ?" ಎಂದು ಕೇಳಿದರು.

ಅಡಿಗೆಮನೆಯ ಮೇಣ ಎಂದು ಹೇಳಲು ನನಗೆ ಮರ್ಯಾದೆ ಅಡ್ಡ ಬಂತು. "ಪೆಟ್ಟಿಗೆಯ ಅಡಿಯಲ್ಲಿ ಒಂದು ವಾಷರ್ ಇತ್ತು ಮಾರಾಯ್ರೆ. ನೀವು ಧೈರ್ಯದಲ್ಲಿ ಹೋಗಿ" ಎಂದೆ.

ಮೇಣ ಎಂದು ಹೇಳಿದ್ದರೆ ಅವರು ಹೊರಡುತ್ತಿರಲಿಲ್ಲ. ಇಷ್ಟು ವರ್ಷ ಯಾವ ಕಡೆಯಿಂದ ಯೋಚಿಸಿದರೂ ನಾನು ಬಂದು ಮುಟ್ಟುವುದು ಇಲ್ಲಿಗೇ.

ಊಟ ಮಾಡಿ ಬೆಳ್ಳಾರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸೈಕಲ್ಲಿನಲ್ಲಿ ಬಂದವನೊಬ್ಬ ಸುದ್ದಿ ಹೇಳಿದ. ನಾಲ್ಕು ಮೈಲು ಆಚೆ ಒಂದು ಉದ್ದದ ಇಳಿಜಾರು. ಅಲ್ಲಿ ಬ್ರೇಕು ಹಿಡಿಯಲಿಲ್ಲ. ಕೆಳಗೆ ಕಿರಿದಾದ ಸೇತುವೆ, ಸೇತುವೆಯ ಮೇಲೆ ಸಂತೆಗೆ ಹೊರಟ ಜನ. ಭಾವ ಲಾರಿಯನ್ನು ಬಲಗಡೆಯಲ್ಲಿ ಗುಡ್ಡ ಕಡಿದು ಗೋಡೆಯಂತೆ ನಿಂತಿದ್ದ ಮುರಕಲ್ಲಿನ ದರೆಗೆ ತಿರುಗಿಸಿದರು. ಲಾರಿ ನಿಂತಿತು, ಹಿಂದಿನ ದಿಮ್ಮಿ ನಿಲ್ಲಲಿಲ್ಲ. ಅದು ಮುಂದಕ್ಕೆ ಜಾರಿ ಬಂದು ಅವರ ಕಾಲನ್ನು ಒತ್ತಿ ಹಿಡಿದಿತ್ತು.

ನಾನು ಮುಟ್ಟುವಾಗ ಅವರನ್ನು ಪುತ್ತೂರಿನ ಆಸ್ಪತ್ರೆಗೆ ಸಾಗಿಸಿ ಆಗಿತ್ತು. ಜನ ದೂರ ನಿಂತು ನೋಡುತ್ತಿದ್ದರು. ಮೆಕ್ಯಾನಿಕ್ಕು ಬಂದ ಎಂದು ದಾರಿ ಬಿಟ್ಟರು. ನಾನು ಲಾರಿಯ ಅಡಿಗೆ ಹೋದೆ. ಮೇಣ ಕರಗಿ ಇಳಿದು ಸೈಲೆನ್ಸರಿನ ಮೇಲೆ ಕರಿ ಹಿಡಿದಿತ್ತು, ಸುಟ್ಟ ವಾಸನೆ ಇನ್ನೂ ಇತ್ತು. ಮೊದಲು ಭಾವನ ಗತಿ ಏನು ಎಂದು ಯೋಚಿಸಬೇಕಾದವನು ಅಲ್ಲಿ ಮಲಗಿ ಕೈಯಿಂದ ಮೇಣ ಕಿತ್ತೆ, ಬಟ್ಟೆ ಬಿಚ್ಚಿ ಪೊದೆಗೆ ಎಸೆದೆ. ಆಮೇಲೆ ತಂಗಿಗೆ ಹೇಳಿ ಕರೆದುಕೊಂಡು ಹೋಗಲು ಹಿಂದಕ್ಕೆ ಓಡಿದೆ.

ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ನಾಲ್ಕನೆಯ ದಿನ ಪೊಲೀಸರು ಬಂದು ಕೇಳಿದರು. ನಾನು ಹಾಸಿಗೆಯ ಪಕ್ಕದಲ್ಲೇ ನಿಂತಿದ್ದೆ. ಭಾವ ನನ್ನ ಮುಖ ನೋಡದೆ ಹೇಳಿದರು, "ಲಾರಿಯಲ್ಲಿ ಎಂತ ತೊಂದರೆಯೂ ಇರ್ಲಿಲ್ಲ. ನಾನೇ ಸ್ವಲ್ಪ ಜೋರು ಬಿಟ್ಟೆ."

ನನಗೆ ಸಮಾಧಾನವಾಯಿತು. ದುಃಖವಲ್ಲ, ನಾಚಿಕೆಯಲ್ಲ, ಮೊದಲು ಬಂದದ್ದು ಸಮಾಧಾನ. ಅವೆರಡೂ ಆಮೇಲೆ ಬಂದವು, ಬಂದು ಇಲ್ಲೇ ಉಳಿದವು. ಭಾವನ ಲೈಸೆನ್ಸು ಹೋಯಿತು. ಜೀವಮಾನದಲ್ಲಿ ಒಮ್ಮೆಯೂ ಜೋರು ಬಿಡದ ಮನುಷ್ಯನಿಗೆ ಜೋರು ಬಿಟ್ಟು ಲಾರಿ ಹಾಳು ಮಾಡಿದವನು ಎಂಬ ಹೆಸರು ಬಂತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದ್ದು ನಾನು, ಉಂಡದ್ದು ಅವರು.

ಅವರು ಬೀಡಿ ಕಟ್ಟಲು ಕಲಿತರು. ಜಗಲಿಯಲ್ಲಿ ಗೋಡೆಗೆ ಒರಗಿ, ಎಲೆ, ಹೊಗೆಸೊಪ್ಪು ಹರಡಿದ ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಕಟ್ಟುತ್ತಿದ್ದರು. ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಮರದ ಕಾಲು ಮಾಡಿಸಿಕೊಟ್ಟೆ, ಮಾಡಿನ ಹಂಚು ಸರಿಮಾಡಿಸಿದೆ, ಮಕ್ಕಳಿಗೆ ಪುಸ್ತಕ ತಂದೆ. ಒಂದು ಮಾತು ಬಿಟ್ಟು ಉಳಿದದ್ದೆಲ್ಲವನ್ನೂ ಕೊಟ್ಟೆ. ಮೊದಲನೆಯ ವರ್ಷವೇ ಒಂದು ದಿನ ಅವರು ಬೀಡಿಗೆ ನೂಲು ಸುತ್ತುತ್ತ ಕೇಳಿದರು, "ಭಾವ, ಅವತ್ತು ಹಾಕಿದ್ರಲ್ಲ, ಆ ವಾಷರ್ ಯಾವುದರದ್ದು?"

"ಯಾವುದೋ ಹಳೇ ಬಸ್ಸಿನದ್ದು" ಎಂದೆ.

"ಹಾಂ" ಎಂದು ನೂಲು ಕತ್ತರಿಸಿದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಕಾಮಾಲೆ ಬಂದು ಭಾವ ತೀರಿಹೋದರು. ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿದು, ನೆಂಟರೆಲ್ಲ ಬಸ್ಸು ಹಿಡಿಯಲು ಹೊರಟ ಮೇಲೆ ತಂಗಿ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದಳು. ನಾನು ಹೋಗಿ ಹತ್ತಿರ ಕೂತೆ. ಮೇಣದಿಂದ ಹಿಡಿದು ಪೊದೆಗೆ ಎಸೆದ ಬಟ್ಟೆಯವರೆಗೆ ಎಲ್ಲವನ್ನೂ ಹೇಳಿದೆ. ಹೇಳುವಾಗ ನನಗೆ ಅಳುವೂ ಬಂತು. ಅವಳು ಅಳಲಿಲ್ಲ.

"ಗೊತ್ತುಂಟು ಅಣ್ಣ" ಎಂದಳು.

ಹೇಗೆ ಎಂದು ಕೇಳಿದೆ.

"ಅವತ್ತು ಸುದ್ದಿ ಹೇಳ್ಲಿಕ್ಕೆ ಬಂದು ನನ್ನ ಕೈ ಹಿಡಿದೆಯಲ್ಲ, ನನ್ನ ಕೈಗೂ ಅಂಟಿತು. ಹಲಸಿನ ಮೇಣ ಯಾವುದು ಅಂತ ನನಗೆ ಬೇರೆಯವರು ಹೇಳ್ಬೇಕಾ? ಆಸ್ಪತ್ರೆಯಲ್ಲಿ ಎಣ್ಣೆ ಕೇಳಿ ತೆಗೆದೆ."

"ಭಾವನಿಗೆ ಹೇಳಿದೆಯಾ?"

"ಅವರಿಗೆ ಲಾರಿಯಲ್ಲೇ ವಾಸನೆ ಬಂದಿತ್ತಂತೆ. ನಾವು ಕೇಳುದು ಬೇಡ, ಭಾವನೇ ಒಂದು ದಿನ ಹೇಳ್ತಾರೆ ಅಂತಿದ್ರು. ನೀನು ಬರುದು ಕಂಡ್ರೆ ನನ್ನನ್ನು ಒಳಗೆ ಕಳಿಸ್ತಿದ್ರು, ನಾನಿದ್ರೆ ನಿನಗೆ ಹೇಳ್ಲಿಕ್ಕೆ ಕಷ್ಟ ಆಗ್ತದೆ ಅಂತ. ನೀನು ಹೋದ ಮೇಲೆ ನಾನು ಹೊರಗೆ ಬಂದು ಕೇಳುದು, ಹೇಳಿದ್ನಾ ಅಂತ. ಇಲ್ಲ, ಇನ್ನೊಮ್ಮೆ ಬಂದಾಗ ಹೇಳಿಯಾರು ಅನ್ನುದು ಅವರು."

ನಾನು ಅಂಗಳಕ್ಕೆ ಕಾಲಿಟ್ಟೊಡನೆ ಅವಳು ಎದ್ದು ಒಳಗೆ ಹೋಗುವುದನ್ನು ಹತ್ತು ವರ್ಷ ಕಂಡಿದ್ದೆ. ಅದು ನನ್ನ ಮೇಲಿನ ಸಿಟ್ಟು ಎಂದೇ ತಿಳಿದುಕೊಂಡಿದ್ದೆ.